13ಬಿ ರೋಟರಿ ಜೋಡಿಸುವಾಗ ಸಿಲಿಕಾನ್ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಲೇಬಾರದು?

ಹುಣಸೂರು_ರೋಟರಿ:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮೆಲ್ಬರ್ನಿನಲ್ಲಿ. ಹೋದ ವರ್ಷ 1989ರ ಮಾಜ್ದಾ ಆರ್‌ಎಕ್ಸ್-7 ಟರ್ಬೊ ಕಾರು ತಗೊಂಡೆ. ಅದರದು 13ಬಿ ರೋಟರಿ ಎಂಜಿನ್, ಪಿಸ್ಟನ್ ಬದಲು ತ್ರಿಕೋನದಂಥ ರೋಟರ್ ತಿರುಗುವಂಥದ್ದು. ಕಡಿಮೆಗೆ ಸಿಕ್ಕಿತು ಅಂತ ಖುಷಿಪಟ್ಟೆ. ಯಾಕೆ ಕಡಿಮೆಗೆ ಸಿಕ್ಕಿತು ಅಂತ ಒಂದೇ ವಾರದಲ್ಲಿ ಗೊತ್ತಾಯಿತು. ನಿಲ್ಲಿಸಿದ ಕಡೆಯಲ್ಲೆಲ್ಲ ಎಣ್ಣೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸಿಹಿ ವಾಸನೆಯ ಬಿಳಿ ಹೊಗೆ. ರೇಡಿಯೇಟರ್ ನೀರು ವಾರಕ್ಕೊಮ್ಮೆ ತುಂಬಬೇಕು.

ಎಂಜಿನ್ ಇಳಿಸಿ ಬಿಚ್ಚಿದೆ. ಹಿಂದಿನವರು ಯಾರೋ ಒಮ್ಮೆ ಕಟ್ಟಿದ್ದಾರೆ. ಪ್ಲೇಟುಗಳ ಅಂಚಿಗೆಲ್ಲ ಕಿತ್ತಳೆ ಬಣ್ಣದ ಸಿಲಿಕಾನ್ ಬಳಿದಿದ್ದಾರೆ. ಜೋಡಣೆಯ ಸಂದಿಯಿಂದ ಶ್ಯಾವಿಗೆ ಒತ್ತಿದ ಹಾಗೆ ಒಳಕ್ಕೂ ಹೊರಕ್ಕೂ ಬಂದಿತ್ತು. ಚೇಂಬರ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಬಿಚ್ಚಿದರೆ ಎಣ್ಣೆ ಎಳೆಯುವ ಜಾಲರಿಯಲ್ಲೂ ಅದರದೇ ಚೂರುಗಳು. ಇಷ್ಟೆಲ್ಲ ಹಾಕಿಯೂ ಎಣ್ಣೆ ಸೋರುತ್ತಿತ್ತು, ಅದೇ ನನಗೆ ಅರ್ಥವಾಗದ್ದು.

ಈಗ ಐದೂ ಪ್ಲೇಟು, ಅಂದರೆ ಮೂರು ಐರನ್ (ಎರಕದ ಕಬ್ಬಿಣದವು), ಅವುಗಳ ನಡುವೆ ಕೂರುವ ಎರಡು ರೋಟರ್ ಹೌಸಿಂಗ್ (ಅಲ್ಯೂಮಿನಿಯಂನವು, ರೋಟರ್ ತಿರುಗುವುದು ಇವುಗಳೊಳಗೆ), ತೊಳೆದು ಇಟ್ಟಿದ್ದೇನೆ. ಹೊಸ ಸೀಲ್ ಕಿಟ್ ಬಂದಿದೆ. ಮ್ಯಾನ್ಯುಯಲ್‌ನಲ್ಲಿ ಹೌಸಿಂಗ್ ಚಿತ್ರದ ಕೆಳಗಡೆ ಸ್ವಲ್ಪ ಜಾಗ ಕಪ್ಪಾಗಿ ತೋರಿಸಿ ಇಲ್ಲಿ ಸೀಲೆಂಟ್ ಹಚ್ಚಿ ಅಂತಾರೆ. ಅಷ್ಟೇನಾ? ಸುತ್ತ ಬೇಡವಾ? ನೀರಿನ ರಬ್ಬರ್ ಸೀಲ್ ಕೂರಿಸಲು ವ್ಯಾಸಲೀನ್ ಸಾಕಾ, ಇಲ್ಲ ಅಲ್ಲಿಗೂ ಸಿಲಿಕಾನ್ ಬೇಕಾ? ಬಾತ್‌ರೂಮ್ ಮಾಡಿಸಿದಾಗ ಉಳಿದ ಒಂದು ಟ್ಯೂಬ್ ಇದೆ. ನಗಬೇಡಿ, ಕೇಳ್ತಿದ್ದೀನಿ ಅಷ್ಟೆ. ಗ್ಯಾರೇಜಿನಲ್ಲಿ ಈಗ ಚಳಿ, 9 ಡಿಗ್ರಿ.

ಎರಡನೇ ಸಲ ಬಿಚ್ಚುವ ಶಕ್ತಿ ನನಗಿಲ್ಲ. ಮನೆಯವಳಿಗೆ ನನ್ನಷ್ಟೂ ಇಲ್ಲ.

ಟಾಪ್‌ಗೇರ್_ತುಮಕೂರು:

ಗುರು, ಯೋಚನೆ ಬೇಡ. ಎಲ್ಲ ಕಡೆ ಚೆನ್ನಾಗಿ ಬಳಿದುಬಿಡು. ಜಾಸ್ತಿ ಹಾಕಿದರೆ ಏನೂ ನಷ್ಟ ಇಲ್ಲ, ಕಡಿಮೆ ಹಾಕಿದರೆ ತಾನೆ ಸೋರೋದು. ನಮ್ಮ ಅಂಬಾಸಿಡರ್‌ಗೆ ನಾವು ಹಾಗೇ ಮಾಡ್ತಿದ್ವಿ.

ಎಜ್ಡಿ_ಚಿಕ್ಕಪ್ಪ:

ತುಮಕೂರಿನವರು ಬೇಜಾರು ಮಾಡ್ಕೋಬೇಡಿ. ಜಾಸ್ತಿ ಹಾಕಿದರೆ ನಷ್ಟ ಇದೆ. ನನಗೆ ಆದ ನಷ್ಟವನ್ನೇ ಹೇಳ್ತೀನಿ.

ನಾನು ಮೈಸೂರಿನವನು. ಹುಡುಗನಾಗಿದ್ದಾಗ ಎಜ್ಡಿ ಬೈಕ್ ರಿಪೇರಿ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಂಡವನು. ಈಗ ಇಪ್ಪತ್ತು ವರ್ಷದಿಂದ ಆಕ್ಲೆಂಡಿನಲ್ಲಿದ್ದೇನೆ. ಇಲ್ಲಿ ರೋಟರಿ ಹುಚ್ಚು ಜಾಸ್ತಿ. ನನಗೂ ಅಂಟಿಕೊಂಡಿತು. ಇಲ್ಲಿಯವರೆಗೆ 13ಬಿ ಹನ್ನೊಂದು ಕಟ್ಟಿದ್ದೇನೆ. ಮೊದಲನೆಯದನ್ನು ಎರಡು ಸಲ ಕಟ್ಟಿದೆ, ಅದೂ ಲೆಕ್ಕಕ್ಕೆ ಸೇರಿದೆ.

ಆ ಮೊದಲನೆಯದು 400 ಕಿಲೋಮೀಟರ್ ಓಡಿತು. ಆಮೇಲೆ ಬಿಸಿಯಾದಾಗ ಎಣ್ಣೆ ಪ್ರೆಷರ್ ಮುಳ್ಳು ಮೇಲೇಳಲಿಲ್ಲ. ಬಿಚ್ಚಿದೆ. ಮುಂದಿನ ಸ್ಟೇಷನರಿ ಗೇರ್ (ತಿರುಗದೆ ಐರನ್‌ಗೆ ಕೂತಿರುವ ಗೇರ್, ಶಾಫ್ಟಿನ ಬೇರಿಂಗ್ ಇರುವುದು ಅದರಲ್ಲೇ) ತೆಗೆದು ಬೆಳಕಿಗೆ ಹಿಡಿದರೆ, ಬೇರಿಂಗಿಗೆ ಎಣ್ಣೆ ಬರುವ ತೂತಿನಲ್ಲಿ ತೊಗರಿಬೇಳೆ ಗಾತ್ರದ ಕೆಂಪು ಸಿಲಿಕಾನ್ ತುಣುಕು. ಒಂದು ಕಡೆ ಬಾಲ ಬೇರೆ ಇತ್ತು ಅದಕ್ಕೆ. ಬೇರಿಂಗ್ ಮೇಲೆ ತಾಮ್ರ ಕಾಣುತ್ತಿತ್ತು. ಅದನ್ನು ಹಚ್ಚಿದ್ದು ನನ್ನ ಬೆರಳೇ.

ಫಿಲ್ಟರ್ ಇದೆಯಲ್ಲ, ಅದು ಹಿಡಿಯಬೇಕಿತ್ತಲ್ಲ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಈ ಎಂಜಿನ್‌ನಲ್ಲಿ ಎಣ್ಣೆ ಹೋಗುವ ದಾರಿ ನೋಡು. ಪಂಪು ಇರುವುದು ಮುಂದೆ. ಅಲ್ಲಿಂದ ಎಣ್ಣೆ ಹೊರಗಿನ ಕೂಲರ್‌ಗೆ ಹೋಗಿ, ಹಿಂದಿನ ಐರನ್‌ಗೆ ಬಂದು, ಫಿಲ್ಟರ್ ದಾಟುತ್ತದೆ. ಆಮೇಲೆ ಹಿಂದಿನ ಬೇರಿಂಗಿಗೆ ಒಂದು ಪಾಲು. ಮುಂದಿನ ಬೇರಿಂಗಿನ ಪಾಲು ಐದೂ ಪ್ಲೇಟು ಹಾದು, ಮೇಲಿನ ಡವೆಲ್ ಪಿನ್ನಿನ (ಪ್ಲೇಟುಗಳನ್ನು ಒಂದೇ ಸಾಲಿಗೆ ಹಿಡಿಯುವ ಗೂಟ) ಓಣಿಯಲ್ಲೇ ಮುಂದಕ್ಕೆ ಹೋಗಬೇಕು. ಅಂದರೆ ಆ ಓಣಿ ಇರುವುದು ಫಿಲ್ಟರ್ ಆದಮೇಲೆ. ಅಲ್ಲಿ ಬಿದ್ದದ್ದು ಸೀದಾ ಬೇರಿಂಗಿಗೆ. ನಾನು ಡವೆಲ್ ಸುತ್ತ ಓ-ರಿಂಗ್ (ರಬ್ಬರ್ ಬಳೆ) ಇದ್ದರೂ ನಂಬಿಕೆ ಸಾಲದೆ ಮೇಲೊಂದು ಸುತ್ತು ಸಿಲಿಕಾನ್ ಹಾಕಿದ್ದೆ.

ಈಗ ನಿನ್ನ ಪ್ರಶ್ನೆ. ಮ್ಯಾನ್ಯುಯಲ್ ಚಿತ್ರ ಸರಿಯಾಗಿದೆ. ಅಷ್ಟೇ ಸಾಕು.

ಯಾಕೆ ಅಂತ ತಿಳಿದರೆ ಕೈ ತಾನಾಗಿ ನಿಲ್ಲುತ್ತದೆ. ಐರನ್‌ನಲ್ಲಿ ಎರಡು ಗಾಡಿ ಇದೆ, ನೋಡು. 1986ರ ನಂತರದ ಎಂಜಿನ್ ಆದ್ದರಿಂದ ನಿನ್ನದರಲ್ಲಿ ಅವು ಐರನ್ ಮೇಲಿವೆ. ಹಳೆಯವುಗಳಲ್ಲಿ ರೋಟರ್ ಹೌಸಿಂಗ್ ಮೇಲೆ ಇರುತ್ತಿದ್ದವು. (ಗಾಡಿ ಅಂದರೆ ಕಾರಲ್ಲ, ಸೀಲ್ ಕೂರುವ ಕಾಲುವೆ. ನಮ್ಮ ಅಂಗಡಿಯ ಭಾಷೆ.) ಒಳಗಿನ ರಬ್ಬರ್ ಬೆಂಕಿಯನ್ನೂ ನೀರನ್ನೂ ಬೇರೆ ಮಾಡುತ್ತದೆ. ಹೊರಗಿನ ರಬ್ಬರ್ ನೀರು ಹೊರಗೆ ಬರದ ಹಾಗೆ ತಡೆಯುತ್ತದೆ. ಆದರೆ ಹೌಸಿಂಗಿಗೆ ಕೆಳಗೆ ಎರಡು ಕಾಲು ಇವೆ ಅಲ್ವಾ, ಚೇಂಬರ್ ಕೂರುವ ಜಾಗ, ಅವು ಹೊರಗಿನ ರಬ್ಬರಿಗಿಂತ ಆಚೆ ಇವೆ. ಅಲ್ಲಿ ಯಾವ ರಬ್ಬರೂ ಇಲ್ಲ. ಎರಕದ ಕಬ್ಬಿಣಕ್ಕೆ ಅಲ್ಯೂಮಿನಿಯಂ ಬರಿದೇ ಒತ್ತಿಕೊಂಡಿರುತ್ತದೆ. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಳಗಿಂದ ಎಣ್ಣೆ ಎರಚುತ್ತಲೇ ಇರುತ್ತದೆ. ಸೋರುವುದು ಅಲ್ಲಿ. ಸಿಲಿಕಾನ್ ಬೇಕಾದ್ದೂ ಅಲ್ಲಿಗೇ.

ರಬ್ಬರ್ ಇರುವ ಕಡೆ ಸಿಲಿಕಾನ್‌ಗೆ ಕೆಲಸ ಇಲ್ಲ. ಗಾಡಿಯ ಅಳತೆ ಮಾಡಿರುವುದು ಒತ್ತಿದ ರಬ್ಬರಿಗೆ. ಅಲ್ಲಿ ಸಿಲಿಕಾನ್ ತುಂಬಿದರೆ ರಬ್ಬರ್ ಎಲ್ಲಿಗೆ ಹೋಗಬೇಕು? ಒಂದೋ ಪ್ಲೇಟು ಸರಿಯಾಗಿ ಕೂರುವುದಿಲ್ಲ, ಇಲ್ಲ ಗಾಡಿಯ ತೆಳು ಗೋಡೆಗೆ ಪೆಟ್ಟು. ನಿನ್ನ ಕಾಲದ ಐರನ್‌ಗಳಲ್ಲಿ ಆ ಒಳಗಿನ ಗೋಡೆ ಬಿರುಕು ಬಿಡುವುದು ಮೊದಲೇ ಹೆಸರುವಾಸಿ. ಸಿಹಿ ವಾಸನೆಯ ಹೊಗೆ ಅಂದೆಯಲ್ಲ, ಅದು ರೇಡಿಯೇಟರ್ ನೀರು ಒಳಗೆ ಹೋಗಿ ಸುಡುವ ಗುರುತು, ಟಾರ್ಚ್ ಹಿಡಿದು ಆ ಗೋಡೆಯನ್ನು ಪೂರ್ತಿ ಸುತ್ತು ನೋಡು. ಉಗುರು ಎಳೆದುಕೊಂಡು ಹೋಗು. ತಗುಲಿದರೆ ನಿಲ್ಲು. ಬಿರುಕು ಇದ್ದ ಐರನ್ ಹಾಕಿ ಕಟ್ಟಿದರೆ ಯಾವ ಸೀಲೂ ಉಳಿಸುವುದಿಲ್ಲ.

ರಬ್ಬರ್ ಗಾಡಿಯಲ್ಲಿ ನಿಲ್ಲಲು ವ್ಯಾಸಲೀನ್ ಸಾಕು. ಮ್ಯಾನ್ಯುಯಲ್ ಹೇಳುವುದೂ ಅದನ್ನೇ. ಕೆಲವರು ಹೈಲೊಮಾರ್ ಹಾಕುತ್ತಾರೆ. ನೀಲಿ ಬಣ್ಣದ್ದು, ಗಟ್ಟಿಯಾಗದ ಅಂಟು, ರೋಲ್ಸ್-ರಾಯ್ಸ್ ವಿಮಾನದ ಎಂಜಿನ್‌ಗೆಂದು ಹುಟ್ಟಿದ್ದು. ಅದೂ ಒಳ್ಳೆಯದೇ. ಗಾಡಿಯ ತಳಕ್ಕೆ ಬೆರಳ ತುದಿಯಲ್ಲಿ ತೆಳ್ಳಗೆ ಸವರಬೇಕು, ರಬ್ಬರ್ ಜಾರದ ಹಾಗೆ ಹಿಡಿದರೆ ಸಾಕು. ನಾನು ವ್ಯಾಸಲೀನ್ ಕಡೆಯವನು.

ಎಷ್ಟು ಹಚ್ಚಬೇಕು? ಮೈಸೂರು ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರುತ್ತಾರಲ್ಲ, ಅಷ್ಟು. ದೋಸೆ ಕಾಣಬೇಕು. ಪಲ್ಯ ಇಟ್ಟ ಹಾಗೆ ಗುಡ್ಡೆ ಹಾಕಬಾರದು. ಕಾಲಿನ ಮೇಲೆ ಸಣ್ಣ ಎಳೆ ಎಳೆದು, ಕೈಗವಸು ಹಾಕಿದ ಬೆರಳಲ್ಲಿ ತೆಳ್ಳಗೆ ಮಾಡು. ಚೇಂಬರ್ ಒಳಗೆ ಕಾಣುವ ಅಂಚಿನಿಂದ ಸ್ವಲ್ಪ ಹಿಂದಕ್ಕೇ ನಿಲ್ಲಿಸು. ಬೋಲ್ಟ್ ಬಿಗಿದಾಗ ತಾನಾಗಿ ಅಂಚಿಗೆ ಬರುತ್ತದೆ. ಹೊರಗಡೆ ಕೂದಲೆಳೆಯಷ್ಟು ಗೆರೆ ಕಂಡರೆ ಸರಿಯಾಗಿದೆ. ಶ್ಯಾವಿಗೆ ಬಂದರೆ ಜಾಸ್ತಿ ಆಯಿತು. ಹೊರಗೆ ಬಂದಷ್ಟೇ ಒಳಗೂ ಬಂದಿರುತ್ತದೆ, ಅದು ನಿನಗೆ ಕಾಣುವುದಿಲ್ಲ ಅಷ್ಟೆ.

ಒಂದು ಕೇಳ್ತೀನಿ. ಹಳೆಯ ಕಿತ್ತಳೆ ಸಿಲಿಕಾನ್ ಉಗುರಲ್ಲಿ ಎಳೆದಾಗ ಒಂದೇ ಪಟ್ಟಿಯಾಗಿ ಕಿತ್ತು ಬಂತಾ? ಕೆಳಗೆ ಲೋಹ ಹೊಳೀತಿತ್ತಾ?

ಹುಣಸೂರು_ರೋಟರಿ:

ಹೌದು ಅಣ್ಣ. ಬಾಳೆಹಣ್ಣಿನ ಸಿಪ್ಪೆ ತರ ಬಂತು. ಕೆಳಗೆ ಕ್ಲೀನ್ ಆಗಿತ್ತು. ಚೆನ್ನಾಗಿ ಬಂತಲ್ಲ ಅಂತ ನನಗೆ ಖುಷಿಯಾಯಿತು.

ಎಜ್ಡಿ_ಚಿಕ್ಕಪ್ಪ:

ಹಾಗಾದರೆ ಅದು ಅಂಟೇ ಇರಲಿಲ್ಲ ತಮ್ಮ. ಸರಿಯಾಗಿ ಹಿಡಿದ ಸಿಲಿಕಾನ್ ಹಾಗೆ ಬರುವುದಿಲ್ಲ, ಚೂರುಚೂರಾಗಿ ಹರಿಯುತ್ತದೆ, ಕೆರೆದು ತೆಗೆಯಬೇಕು. ಎಣ್ಣೆ ಪಸೆಯ ಮೇಲೆ ಹಾಕಿದ್ದಾರೆ. ಇಷ್ಟೊಂದು ಹಾಕಿಯೂ ಸೋರಿದ್ದು ಅದಕ್ಕೇ.

ಇದು ಸೋಮಾರಿತನದಿಂದ ಮಾತ್ರ ಆಗುವುದಲ್ಲ. ರೋಟರಿ ಜೋಡಿಸುವ ಕ್ರಮದಲ್ಲೇ ಈ ಬಲೆ ಇದೆ. ಮುಂದಿನ ಐರನ್ ಕೆಳಗೆ ಮಾಡಿ, ಒಂದರ ಮೇಲೊಂದು ತಟ್ಟೆ ಪೇರಿಸಿದ ಹಾಗೆ ಕಟ್ಟಬೇಕು. ರೋಟರ್, ಸೀಲು, ಬೇರಿಂಗ್ ಎಲ್ಲಕ್ಕೂ ಎಣ್ಣೆ ಹಾಕಿರುತ್ತೀಯ. ಅದು ಮೆಲ್ಲಗೆ ಇಳಿಯುತ್ತದೆ. ಬೆಳಿಗ್ಗೆ ಅಸಿಟೋನ್ ಹಾಕಿ ಒರೆಸಿದ ಕಾಲು ಮಧ್ಯಾಹ್ನಕ್ಕೆ ಮತ್ತೆ ಜಿಡ್ಡು. ನಿನ್ನ ಕೈಗವಸಿನಿಂದಲೇ ಅಂಟಿರುತ್ತದೆ. ಅದಕ್ಕೆ ಸಿಲಿಕಾನ್ ಹಚ್ಚುವ ಕೊನೆ ನಿಮಿಷದಲ್ಲಿ ಹೊಸ ಕೈಗವಸು ಹಾಕಿ, ಹೊಸ ಬಟ್ಟೆಯಲ್ಲಿ ಎರಡೂ ಮುಖ ಇನ್ನೊಮ್ಮೆ ಒರೆಸು. ಬಟ್ಟೆ ಬಿಳಿಯಾಗೇ ಬರಬೇಕು. ಹಳೆಯದನ್ನು ಕೆರೆಯಲು ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಕಬ್ಬಿಣದ ಮೇಲಾದರೆ ಬ್ಲೇಡು. ಡ್ರಿಲ್ಲಿಗೆ ಹಾಕುವ ನಾರಿನ ಚಕ್ರ ಮಾತ್ರ ಬೇಡ. ಅದರ ಪುಡಿ ಉಜ್ಜುವ ಕಾಗದದ ಮರಳಿದ್ದ ಹಾಗೆ, ಬೇರಿಂಗಿಗೆ ಹೋದರೆ ಮುಗೀತು.

ಇನ್ನೊಂದು, ಹೊತ್ತು. ಟ್ಯೂಬಿನ ಮೇಲೆ ಎಷ್ಟು ನಿಮಿಷಕ್ಕೆ ಕೆನೆ ಕಟ್ಟುತ್ತದೆ ಅಂತ ಬರೆದಿರುತ್ತದೆ, ಸುಮಾರಾಗಿ ಹತ್ತು. ಕೆನೆ ಕಟ್ಟಿದ ಮೇಲೆ ಕೂರಿಸಿದರೆ ಅಂಟುವುದಿಲ್ಲ. ನಡುವಿನ ಐರನ್ ಕೂರಿಸುವಾಗ ಎಕ್ಸೆಂಟ್ರಿಕ್ ಶಾಫ್ಟ್ (ರೋಟರುಗಳು ತಿರುಗಿಸುವ ನಡುವಿನ ಶಾಫ್ಟ್) ಸುಮಾರು 25 ಮಿಮೀ ಮೇಲಕ್ಕೆ ಎತ್ತಿ ಹಿಡಿಯಬೇಕು. ಒಬ್ಬನ ಕೈಲಿ ಆಗಲ್ಲ. ನಾನು ಮೊದಲ ಸಲ ಸಿಲಿಕಾನ್ ಹಚ್ಚಿ, ಶಾಫ್ಟ್ ಎತ್ತಲು ಹೋಗಿ, ಏಪೆಕ್ಸ್ ಸೀಲಿನ (ರೋಟರ್ ತುದಿಯ ಸೀಲ್) ಮೂಲೆ ತುಂಡು ಜಾರಿ, ಅದನ್ನು ಸರಿಮಾಡುವಷ್ಟರಲ್ಲಿ ಅರ್ಧ ಗಂಟೆ. ಅದಕ್ಕೆ ಈಗ ಸಿಲಿಕಾನ್ ಇಲ್ಲದೆ ಒಮ್ಮೆ ಪೂರ್ತಿ ಪೇರಿಸಿ ನೋಡ್ತೀನಿ. ಕೈಗೆ ದಾರಿ ಗೊತ್ತಾಗಲಿ ಅಂತ. ಆಮೇಲೆ ಒಂದು ಜೋಡಣೆಗೆ ಮಾತ್ರ ಹಚ್ಚಿ, ಅದನ್ನು ಕೂರಿಸಿ, ಮುಂದಿನದಕ್ಕೆ ಹೋಗ್ತೀನಿ. ನಾಲ್ಕೂ ಜೋಡಣೆಗೆ ಒಟ್ಟಿಗೆ ಹಚ್ಚಿಡಬಾರದು.

ಪೇರಿಸಿ ಮುಗಿದ ಕೂಡಲೇ, ಸಿಲಿಕಾನ್ ಹಸಿಯಿರುವಾಗಲೇ ಟೆನ್ಷನ್ ಬೋಲ್ಟ್ (ಐದೂ ಪ್ಲೇಟು ಹಾದು ಹಿಡಿಯುವ ಉದ್ದ ಬೋಲ್ಟು) ಬಿಗಿ. ಮ್ಯಾನ್ಯುಯಲ್‌ನ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ, ಕೊನೆಗೆ 32ರಿಂದ 39 ನ್ಯೂಟನ್ ಮೀಟರ್. ಕಾದು ಬಿಗಿದರೆ ಸಿಲಿಕಾನ್ ರಬ್ಬರಾಗಿ ನಡುವೆ ನಿಂತುಬಿಡುತ್ತದೆ. ಇಲ್ಲಿ ಲೋಹಕ್ಕೆ ಲೋಹ ತಾಗಲೇಬೇಕು.

ಹುಣಸೂರು_ರೋಟರಿ:

ಅಣ್ಣ, ಇದನ್ನು ಪ್ರಿಂಟ್ ತೆಗೆದು ಗ್ಯಾರೇಜ್ ಗೋಡೆಗೆ ಅಂಟಿಸಿದೆ. ಐರನ್ ಗೋಡೆ ನೋಡಿದೆ. ನಡುವಿನ ಐರನ್‌ನಲ್ಲಿ, ಸ್ಪಾರ್ಕ್ ಪ್ಲಗ್ ಬರುವ ಕಡೆ, ಉಗುರು ತಗುಲಿತು. ಸೆಕೆಂಡ್ ಹ್ಯಾಂಡ್ ಐರನ್ ಒಂದು ಹುಡುಕಿ ತರಿಸಿದೆ. ಹೊಗೆಯ ಕಾರಣ ಸಿಕ್ಕಿತು.

ಇನ್ನು ಮೂರು ಕಡೆ ಅನುಮಾನ. ಹಿಂದಿನ ಸ್ಟೇಷನರಿ ಗೇರ್, ಫ್ಲೈವೀಲ್ ನಟ್, ಚೇಂಬರ್. ಅಲ್ಲೆಲ್ಲ ಏನು ಮಾಡಬೇಕು? ಬಾತ್‌ರೂಮ್ ಟ್ಯೂಬಿನ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ಪೀಣ್ಯ_ಅಂಟುಗಾರ:

ಬಾತ್‌ರೂಮ್ ಟ್ಯೂಬಿಗೆ ನಾನು ಉತ್ತರ ಕೊಡ್ತೀನಿ. ಎಂಜಿನ್ ನನಗೆ ಗೊತ್ತಿಲ್ಲ. ಅಂಟು ಗೊತ್ತು, ಅದೇ ನನ್ನ ಹೊಟ್ಟೆಪಾಡು.

ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಎಣ್ಣೆಗೂ ಅದು ತಡೆಯುವುದಿಲ್ಲ. ಎಂಜಿನ್‌ಗೆ ಬೇಕಾದ್ದು ಆಮ್ಲ ಬಿಡದ, ಎಣ್ಣೆ ತಡೆಯುವ ಸಿಲಿಕಾನ್. ಟ್ಯೂಬಿನ ಮೇಲೆ ಎಂಜಿನ್ ಆಯಿಲ್‌ಗೆ, ಆಕ್ಸಿಜನ್ ಸೆನ್ಸರ್‌ಗೆ ತೊಂದರೆ ಇಲ್ಲ ಅಂತ ಬರೆದಿರುತ್ತದೆ.

ಇನ್ನೊಂದು ವಿಷಯ. ಸಿಲಿಕಾನ್ ಒಣಗುವುದು ಗಾಳಿಯಲ್ಲಿರುವ ತೇವದಿಂದ. ಬಿಸಿಯಿಂದಲ್ಲ. ಹೊರಗಿನಿಂದ ಒಳಕ್ಕೆ ಮೆಲ್ಲಗೆ ಹೋಗುತ್ತದೆ, ಸಾಮಾನ್ಯ ಹವೆಯಲ್ಲಿ ದಿನಕ್ಕೆ 2-3 ಮಿಮೀ. ಚಳಿಯಲ್ಲಿ ಇನ್ನೂ ನಿಧಾನ. ಎರಡು ಲೋಹದ ನಡುವೆ ಸಿಕ್ಕಿಕೊಂಡಾಗ ಗಾಳಿ ಬರುವುದು ಅಂಚಿನಿಂದ ಮಾತ್ರ. ಆದ್ದರಿಂದ 9 ಡಿಗ್ರಿಯಲ್ಲಿ ರಾತ್ರಿ ಕಟ್ಟಿ ಬೆಳಿಗ್ಗೆ ಎಣ್ಣೆ ತುಂಬಬೇಡಿ. ಎರಡು ಮೂರು ದಿನ ಬಿಡಿ. ಮನೆ ಒಳಗೆ ತಂದಿಟ್ಟರೆ ಇನ್ನೂ ಒಳ್ಳೆಯದು, ಮನೆಯವರು ಒಪ್ಪಿದರೆ. ದಪ್ಪ ಹಾಕಿದರೆ ಏನಾಗುತ್ತದೆ ಅನ್ನುವುದೂ ಇಲ್ಲೇ ಇದೆ. ಹೊರಗೆ ಚರ್ಮ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಎಣ್ಣೆ ಹೊಡೆತಕ್ಕೆ ಅದೇ ಮೊದಲು ಕಿತ್ತು ಹೋಗುವುದು.

ಎಜ್ಡಿ_ಚಿಕ್ಕಪ್ಪ:

ಪೀಣ್ಯದವರೇ, ಧನ್ಯವಾದ. ವಿನೆಗರ್ ವಿಷಯ ನಾನು ಮರೆತೇ ಬಿಟ್ಟಿದ್ದೆ. ಮೈಸೂರಿನಲ್ಲಿ ನಮ್ಮ ಮೇಸ್ತ್ರಿ ಕೂಡ ಮೊದಲು ಮೂಸಿ ನೋಡಿಯೇ ಟ್ಯೂಬ್ ಕೊಡುತ್ತಿದ್ದರು. ಆಗಿನ ಎಜ್ಡಿ ಟೂ ಸ್ಟ್ರೋಕ್ ಅಲ್ವಾ, ಕ್ರ್ಯಾಂಕ್‌ಕೇಸ್ ಗಾಳಿ ಎಳೆದರೆ ಎಂಜಿನ್ ಕಾದು ಹೋಗುತ್ತದೆ. ಹಾಗಾಗಿ ಅಂಟಿನ ವಿಷಯದಲ್ಲಿ ಅವರಿಗೆ ಮಡಿ ಜಾಸ್ತಿ.

ಹಿಂದಿನ ಸ್ಟೇಷನರಿ ಗೇರ್: ಅದಕ್ಕೆ ಓ-ರಿಂಗ್ ಇದೆ, ವ್ಯಾಸಲೀನ್ ಹಚ್ಚು. ಅದರ ಚಾಚಿದ ಅಂಚಿಗೆ ಮಾತ್ರ ತೆಳ್ಳಗೆ ಸಿಲಿಕಾನ್. ಎಣ್ಣೆ ತೂತಿನ ಹತ್ತಿರ ಬರಬಾರದು. ನನ್ನ ತೊಗರಿಬೇಳೆ ನೆನಪಿರಲಿ.

ಫ್ಲೈವೀಲ್ ನಟ್: 54 ಮಿಮೀ, ಬಿಗಿತ 392ರಿಂದ 490 ನ್ಯೂಟನ್ ಮೀಟರ್. ಎಂಜಿನ್ ಸ್ಟ್ಯಾಂಡ್ ತಿರುಗದ ಹಾಗೆ ಇಬ್ಬರು ಹಿಡಿಯಬೇಕು. ಇಲ್ಲಿ ಸಿಲಿಕಾನ್ ಹಚ್ಚುವುದನ್ನು ಬಹಳ ಜನ ಮರೆಯುತ್ತಾರೆ. ಶಾಫ್ಟಿನ ಕೀ ಕೂರುವ ಗಾಡಿಯಿಂದ ಎಣ್ಣೆ ನಿಧಾನಕ್ಕೆ ಹಿಂದಕ್ಕೆ ಬರುತ್ತದೆ. ನಟ್ಟಿನ ಮುಖಕ್ಕೆ ಸಿಲಿಕಾನ್ ಹಚ್ಚದಿದ್ದರೆ ಕ್ಲಚ್ಚಿಗೆ ಎಣ್ಣೆ. ಆಮೇಲೆ ಹಿಂದಿನ ಆಯಿಲ್ ಸೀಲ್ ಹೋಯಿತು ಅಂತ ಸುಮ್ನೆ ಅದನ್ನು ಬೈಯುತ್ತಾರೆ. ನಟ್ಟಿನ ಥ್ರೆಡ್ಡಿಗೆ ಥ್ರೆಡ್ ಹಿಡಿಯುವ ಅಂಟು, ಮುಖಕ್ಕೆ ಸಿಲಿಕಾನ್.

ನೀನು ಕೇಳದ ಒಂದು: ಟೆನ್ಷನ್ ಬೋಲ್ಟಿನ ವಾಷರ್. ಬಹಳಷ್ಟು ಬೋಲ್ಟು ನೀರಿನ ದಾರಿಯಲ್ಲೇ ಹಾಯುತ್ತವೆ. ಬೋಲ್ಟಿನ ಗುಂಟ ನೀರು ತಲೆಯವರೆಗೂ ಬರುತ್ತದೆ. ವಾಷರ್ ಹೊಸದೇ ಹಾಕು. ಹಳೆಯದಕ್ಕೆ ಸಿಲಿಕಾನ್ ಸುತ್ತಿ ಹಾಕಬೇಡ.

ಮುಂದಿನ ಕವರಿನಲ್ಲೂ ಒಂದು ಸಣ್ಣ ಓ-ರಿಂಗ್ ಇದೆ, ಪಂಪಿನ ಪ್ರೆಷರ್ ಎಣ್ಣೆ ದಾಟುವ ಕಡೆ. ಅದು ಹರಿದರೆ ಹೊರಗೆ ಒಂದು ತೊಟ್ಟೂ ಬೀಳುವುದಿಲ್ಲ, ಎಣ್ಣೆ ಒಳಗೇ ಚೇಂಬರಿಗೆ ಬೀಳುತ್ತದೆ. ಪ್ರೆಷರ್ ಮುಳ್ಳು ಇಳಿದಾಗಲೇ ಗೊತ್ತಾಗುವುದು. ಹೊಸದು ಹಾಕು, ಸಿಲಿಕಾನ್ ತಾಗಿಸಬೇಡ.

ಕೊನೆಗೆ ಚೇಂಬರ್. ಐದು ಪ್ಲೇಟಿಗೆ ನಾಲ್ಕು ಜೋಡಣೆ. ಒಂದೊಂದು ಜೋಡಣೆಯೂ ಚೇಂಬರಿನ ಅಂಚನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮುಟ್ಟುತ್ತದೆ. ಒಟ್ಟು ಎಂಟು ಜಾಗ. ನಿನ್ನ ಹಳೆಯ ಎಣ್ಣೆ ಈ ಎಂಟರಲ್ಲಿ ಯಾವುದೋ ಒಂದರಿಂದ ಬಂದದ್ದು. ಪ್ಲೇಟು ಬಿಗಿದ ಮೇಲೆ ಕೆಳಗೆ ಹೊರಬಂದ ಸಿಲಿಕಾನ್ ಒಣಗಲಿ. ಆಮೇಲೆ ಬ್ಲೇಡಿನಲ್ಲಿ ಸಮಕ್ಕೆ ಕತ್ತರಿಸು. ಎಳೆಯಬೇಡ, ಕತ್ತರಿಸು. ಎಳೆದರೆ ಸಂದಿಯ ಒಳಗಿಂದ ಕಿತ್ತು ಬಂದು ಅಲ್ಲೊಂದು ಸಣ್ಣ ಗುಳಿ ಉಳಿಯುತ್ತದೆ. ಆ ಎಂಟೂ ಕಡೆ ಒಂದೊಂದು ಹೆಸರುಕಾಳಿನಷ್ಟು ಸಿಲಿಕಾನ್ ಇಟ್ಟು, ಅದರ ಮೇಲೆ ಚೇಂಬರಿನ ಎಳೆ ಎಳೆದು, ಬೋಲ್ಟ್ ತೂತಿನ ಒಳಬದಿಯಿಂದ ಹಾಯಿಸಿ ಕೂರಿಸು. ಸಣ್ಣ ಬೋಲ್ಟುಗಳು, ಜಾಸ್ತಿ ಬಿಗಿದರೆ ಚೇಂಬರಿನ ಅಂಚೇ ಬಾಗುತ್ತದೆ. ಕೂರಿಸುವ ಮೊದಲು ಅಂಚನ್ನು ಗಾಜಿನ ಮೇಲಿಟ್ಟು ನೋಡು. ಹಿಂದಿನವರು ಬಿಗಿದ ರೀತಿ ನೋಡಿದರೆ ಅದು ಬಾಗಿಯೇ ಇರುತ್ತದೆ.

ಟಾಪ್‌ಗೇರ್_ತುಮಕೂರು:

ಚಿಕ್ಕಪ್ಪ, ಒಪ್ಪಿದೆ. ನಮ್ಮ ಅಂಬಾಸಿಡರ್ ಕೂಡ ಸೋರುತ್ತಲೇ ಇತ್ತು, ಅದನ್ನು ಹೇಳಿರಲಿಲ್ಲ ಅಷ್ಟೆ.

ಹುಣಸೂರು_ರೋಟರಿ (ಐದು ವಾರದ ನಂತರ):

ಕಟ್ಟಿ ಮುಗಿಸಿದೆ. ಸಿಲಿಕಾನ್ ಇಲ್ಲದೆ ಎರಡು ಸಲ ಪೇರಿಸಿ ಅಭ್ಯಾಸ ಮಾಡಿದೆ. ಮೊದಲ ಸಲ ನಡುವಿನ ಐರನ್‌ಗೆ 22 ನಿಮಿಷ, ಎರಡನೇ ಸಲ 6. ಶಾಫ್ಟ್ ಎತ್ತಿ ಹಿಡಿದದ್ದು ನಮ್ಮವಳು. ಒರೆಸಿದ ಬಟ್ಟೆ ನನ್ನ ಕೈಯಿಂದ ಕಿತ್ತುಕೊಂಡು, ಇನ್ನೂ ಕಪ್ಪಿದೆ ಅಂತ ಮೂರು ಸಲ ವಾಪಸ್ ಕಳಿಸಿದಳು.

ಚೇಂಬರ್ ಗಾಜಿನ ಮೇಲಿಟ್ಟೆ. ಒಂದು ಮೂಲೆಯಲ್ಲಿ ಎರಡು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಯಿತು. ಮರದ ತುಂಡಿನ ಮೇಲಿಟ್ಟು ತಟ್ಟಿ ಸಮ ಮಾಡಿದೆ. ಎಂಜಿನ್ ಮೂರು ರಾತ್ರಿ ಬಟ್ಟೆ ಒಗೆಯುವ ಕೋಣೆಯಲ್ಲಿ ಹೀಟರ್ ಪಕ್ಕ ಮಲಗಿತ್ತು. ಕಾರಿಗೆ ಹಾಕುವ ಮೊದಲೇ ನೀರಿನ ದಾರಿ ಮುಚ್ಚಿ ಕೈಪಂಪಿನಲ್ಲಿ 13 ಪಿಎಸ್‌ಐ ಗಾಳಿ ತುಂಬಿಟ್ಟೆ. ಬೆಳಿಗ್ಗೆಯೂ ಮುಳ್ಳು ಅಲ್ಲೇ ಇತ್ತು.

ಈಗ 300 ಕಿಲೋಮೀಟರ್ ಆಗಿದೆ. ಹೊಗೆ ಇಲ್ಲ. ಕೆಳಗೆ ರಟ್ಟು ಹಾಸಿ ನಿಲ್ಲಿಸುತ್ತೇನೆ. ಆ ಎಂಟು ಜಾಗದ ಕೆಳಗೆ ಎಂಟು ಗುಂಡು ಬರೆದು ನಂಬರ್ ಹಾಕಿದ್ದೆ. ಎಂಟೂ ಒಣಗಿವೆ. ಆದರೆ ಗುಂಡುಗಳ ಹೊರಗೆ, ಬಲಕ್ಕೆ, ದಿನಕ್ಕೊಂದು ತೊಟ್ಟು.

ಎಜ್ಡಿ_ಚಿಕ್ಕಪ್ಪ:

ಟರ್ಬೊದಿಂದ ಎಣ್ಣೆ ವಾಪಸ್ ಬರುವ ಪೈಪ್ ನೋಡು. ಅದರ ಪ್ಯಾಕಿಂಗ್ ಹಳೆಯದೇ ಹಾಕಿದೆಯಾ?

ಹುಣಸೂರು_ರೋಟರಿ:

ಹಾಕಿದೆ. ಚೆನ್ನಾಗಿತ್ತು ಅಂತ.